ನಮೂನೆಯಾಗುವ ಮೊದಲೇ ಹಿಡಿಯಿರಿ: ಮಲೆನಾಡಿನಲ್ಲಿ ಕೂತು ವಿಧೇಯಕದ ಬೆನ್ನು ಹತ್ತುವ ಬಗೆ

ನಮ್ಮ ಕಡೆ ಕಾಯ್ದೆಗಳಿಗೆ ಹೆಸರಿಲ್ಲ, ಅಂಕಿಗಳಿವೆ. ಅಜ್ಜ ಏಳು ಕೊಟ್ಟಿದ್ದರು, ಅಪ್ಪ ಐವತ್ತು ಹಾಕಿದ್ದರು, ತಮ್ಮ ಐವತ್ತೇಳು ಕೊಟ್ಟು ಕಾಯುತ್ತಿದ್ದಾನೆ, ಪಕ್ಕದ ಮನೆಯವರದು ತೊಂಬತ್ನಾಲ್ಕು ಸಿ. ಹೊರಗಿನವರಿಗೆ ಮಗ್ಗಿ ಒಪ್ಪಿಸಿದಂತೆ ಕೇಳಿಸುವ ಈ ಮಾತಿನಲ್ಲಿ ಮೂರು ತಲೆಮಾರಿನ ಗದ್ದೆ, ತೋಟ, ಮನೆ ಇವೆ. ಏಳು ಎಂದರೆ ಗೇಣಿ ಜಮೀನಿನ ಅರ್ಜಿ ನಮೂನೆ; ಐವತ್ತು, ಐವತ್ತೇಳು ಬಗರ್ ಹುಕುಂ, ಅಂದರೆ ಸರ್ಕಾರಿ ಜಮೀನಿನಲ್ಲಿ ಮಾಡಿದ ಸಾಗುವಳಿಯ ಸಕ್ರಮಕ್ಕೆ ಕೊಡುವ ನಮೂನೆಗಳು; 94ಸಿ ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯ ಸಕ್ರಮಕ್ಕೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಕೇಳಿದ್ದಕ್ಕೆ ಪೂರ್ತಿ ಉತ್ತರ ಬಂದದ್ದು 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ. ಆ ಉತ್ತರ ಊರಿಗೆ ಬಂದದ್ದು ನಮೂನೆ 7 ಎಂಬ ಹಾಳೆಯಾಗಿ. ಅದನ್ನು ಕೊಡಲು ಕೊನೆಯ ದಿನ 1979ರ ಜೂನ್ 30. ಅಷ್ಟರೊಳಗೆ ಕೊಟ್ಟವರ ಮಕ್ಕಳು ಇಂದು ತೋಟದ ಯಜಮಾನರು. ಕೊಡಲಾಗದೆ ಹೋದವರ ಮನೆಗಳಲ್ಲಿ ಆ ದಿನಾಂಕ ಇನ್ನೂ ಮಾತಿಗೆ ಬರುತ್ತದೆ.

ನಮೂನೆ 7 ಎಂಬ ಹಾಳೆ ಇರುವುದು ಕಾಯ್ದೆಯಲ್ಲಲ್ಲ, ಕಾಯ್ದೆಯ ಅಡಿಯಲ್ಲಿ ಮಾಡಿದ 1974ರ ನಿಯಮಗಳಲ್ಲಿ. ನಿಯಮಕ್ಕೆ ಮೊದಲು ಕಾಯ್ದೆ, ಕಾಯ್ದೆಗೆ ಮೊದಲು ವಿಧೇಯಕ (ಮಸೂದೆ), ವಿಧೇಯಕಕ್ಕೆ ಮೊದಲು ಇಲಾಖೆಯ ಕಡತ. ನಾವು ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಕಟ್ಟಕಡೆಯ ಹಂತದಲ್ಲಿ, ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತಾಗ. ಅಲ್ಲಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಹತ್ತುವುದನ್ನು ನಮ್ಮ ಬಳಗ ಎಡವುತ್ತಾ ಕಲಿತದ್ದು ಹೇಗೆಂದು ಬರೆಯುತ್ತಿದ್ದೇನೆ. ನಾವು ಏಳೆಂಟು ಜನ. ಸಹಕಾರ ಸಂಘದ ಜಗಲಿಯಲ್ಲಿ ಸೇರುತ್ತೇವೆ. ನಮ್ಮಲ್ಲಿ ವಕೀಲರು ಯಾರೂ ಇಲ್ಲ.

ಮೊದಲು ಬಾಗಿಲು ಯಾವುದೆಂದು ನೋಡಿ

ಮಲೆನಾಡಿನ ಸಂಕಟಗಳಲ್ಲಿ ಅರ್ಧದಷ್ಟು ವಿಧಾನಸೌಧದ ಕೈಯಲ್ಲಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಎರಡು ವರ್ಷದ ಓಡಾಟ ಉಳಿಯುತ್ತದೆ.

ಭೂಕಂದಾಯ, ಬಗರ್ ಹುಕುಂ, ಎಪಿಎಂಸಿ (ಕೃಷಿ ಮಾರುಕಟ್ಟೆ), ಪಂಚಾಯತ್ ರಾಜ್, ಮರ ಸಂರಕ್ಷಣಾ ಕಾಯ್ದೆ ರಾಜ್ಯದವು. ಅರಣ್ಯ ಹಾಗಲ್ಲ. 1976ರ 42ನೇ ತಿದ್ದುಪಡಿಯ ನಂತರ ಅರಣ್ಯ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ ಎರಡೂ ಸಂಸತ್ತಿನವು. ಅರಣ್ಯ ಹಕ್ಕಿನ ಅರ್ಜಿಯಲ್ಲಿ ಬುಡಕಟ್ಟಿಗೆ ಸೇರದವರಿಂದ ಕೇಳುವ 75 ವರ್ಷಗಳ ದಾಖಲೆಯ ಷರತ್ತನ್ನು ಸಡಿಲಿಸಿ ಎಂದು ನಮ್ಮ ಶಾಸಕರನ್ನು ಹಿಡಿದುಕೊಂಡರೆ ಅವರು ಹೆಚ್ಚೆಂದರೆ ದೆಹಲಿಗೆ ಒಂದು ಪತ್ರ ಬರೆದಾರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ಎದ್ದುಬಂದ ಶರಾವತಿ ಸಂತ್ರಸ್ತರ ವಿಷಯದಲ್ಲಿ ಆದದ್ದೂ ಇದೇ. ಅವರಿಗೆಂದು ರಾಜ್ಯ ಸರ್ಕಾರ ಅರಣ್ಯ ಭೂಮಿಯನ್ನು ಡಿನೋಟಿಫೈ ಮಾಡಿತು (ಅರಣ್ಯದ ಪಟ್ಟಿಯಿಂದ ಕೈಬಿಟ್ಟಿತು), ಕೇಂದ್ರದ ಪೂರ್ವಾನುಮತಿ ಇರಲಿಲ್ಲ, 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಆ ಆದೇಶ ಬಿದ್ದುಹೋಯಿತು. ಬಾಗಿಲು ತಪ್ಪಿದರೆ ಸರ್ಕಾರವೇ ಎಡವುತ್ತದೆ ಎಂದ ಮೇಲೆ ನಮ್ಮದೇನು.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯೂ ಕೇಂದ್ರದ್ದೇ. 2024ರ ಜುಲೈ 31ರಂದು ಹೊರಬಂದ ಆರನೇ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಸೇರಿತ್ತು, ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ನಾವು ಆ 60 ದಿನಗಳಲ್ಲಿ ಬಹುಪಾಲನ್ನು ಮನವಿ ಪತ್ರ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಘೋಷಣೆ ಕೂಗುವುದರಲ್ಲಿ ಕಳೆದೆವು. ಆಕ್ಷೇಪಣೆ ಹೋಗಬೇಕಿದ್ದದ್ದು ಕೇಂದ್ರ ಪರಿಸರ ಸಚಿವಾಲಯಕ್ಕೆ; ಅದರ ವಿಳಾಸ ಅಧಿಸೂಚನೆಯ ಮೊದಲ ಪುಟಗಳಲ್ಲೇ ಇತ್ತು. ನಮ್ಮಲ್ಲಿ ಒಬ್ಬರೂ ಆ ಪುಟವನ್ನು ಓದಿರಲಿಲ್ಲ. ಘೋಷಣೆ ಕೂಗಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಓದದೆ ಕೂಗಿದ್ದಕ್ಕೆ ಇದೆ.

ಅಧಿವೇಶನದ ಪಂಚಾಂಗವೂ ಅಡಿಕೆಯ ಪಂಚಾಂಗವೂ

ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರ ಬೀಳಬಾರದು ಎಂದು ಸಂವಿಧಾನದ 174ನೇ ವಿಧಿ ಹೇಳುತ್ತದೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂದು ಕರ್ನಾಟಕ 2005ರಲ್ಲಿ ತಾನೇ ಕಾಯ್ದೆ ಮಾಡಿಕೊಂಡಿತು. ಪಾಲನೆ ಮಾತ್ರ ಅಪರೂಪ. ರೂಢಿಯಲ್ಲಿ ವರ್ಷಾರಂಭದಲ್ಲಿ ರಾಜ್ಯಪಾಲರ ಭಾಷಣ ಮತ್ತು ಬಜೆಟ್, ಜುಲೈ ಆಸುಪಾಸಿನಲ್ಲಿ ಮಳೆಗಾಲದ ಅಧಿವೇಶನ, ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ.

ಇದನ್ನು ನಮ್ಮ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಜುಲೈ ಎಂದರೆ ಕೊಳೆರೋಗದ ಭಯ, ಮಳೆ ಬಿಡುವು ಕೊಟ್ಟ ಗಳಿಗೆಯಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಧಾವಂತ. ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲ, ಮೊಬೈಲ್‌ಗೆ ಸಿಗ್ನಲ್ ಬೇಕಾದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಡಿಸೆಂಬರ್ ಎಂದರೆ ಅಡಿಕೆ ಗೊನೆ ಕೊಯ್ಲು, ಸುಲಿತ, ಬೇಯಿಸುವ ಹಂಡೆಯ ಮುಂದೆ ರಾತ್ರಿ. ಸದನ ಕೂಡುವ ಹೊತ್ತಿಗೆ ನಮಗೆ ಪುರುಸೊತ್ತಿಲ್ಲ. ಹಾಗಾಗಿ ನಮ್ಮ ಬಳಗ ಕೆಲಸವನ್ನು ಮೇ ತಿಂಗಳಿಗೂ ಅಕ್ಟೋಬರ್‌ಗೂ ಹಿಂದೂಡಿಕೊಂಡಿದೆ. ಇದರಿಂದ ನಷ್ಟವಾಗಲಿಲ್ಲ. ವಿಧೇಯಕ ಸದನಕ್ಕೆ ಬಂದ ಮೇಲೆ ಜನಸಾಮಾನ್ಯರಿಗೆ ಉಳಿಯುವ ಜಾಗ ಬಹಳ ಕಡಿಮೆ. ಗದ್ದಲದ ನಡುವೆ, ಅಧಿವೇಶನದ ಕೊನೆಯ ದಿನಗಳಲ್ಲಿ, ಕಾಫಿ ಆರುವುದರೊಳಗೆ ಧ್ವನಿಮತದಿಂದ ಮುಗಿದುಹೋದ ವಿಧೇಯಕಗಳನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅಲ್ಲಿ ತಲೆ ಎಣಿಸುವುದಿಲ್ಲ, ಯಾರ ದನಿ ದೊಡ್ಡದು ಎಂದು ಸಭಾಧ್ಯಕ್ಷರು ಕಿವಿಯಲ್ಲೇ ಅಳೆಯುತ್ತಾರೆ.

ಮುಂಗಾರಿಗೆ ಮೊದಲು ಮೋಡ ಕಾಣುವಂತೆ ವಿಧೇಯಕಕ್ಕೂ ಮುನ್ಸೂಚನೆಗಳಿರುತ್ತವೆ. ಬಜೆಟ್ ಭಾಷಣದಲ್ಲಿ ‘ಕಾಯ್ದೆಗೆ ಸೂಕ್ತ ತಿದ್ದುಪಡಿ ತರಲಾಗುವುದು’ ಎಂಬ ಸಾಲುಗಳಿಗೆ ಗೆರೆ ಎಳೆಯಿರಿ. ರಾಜ್ಯಪಾಲರ ಭಾಷಣವನ್ನೂ ಬಿಡಬೇಡಿ, ಬರೆದುಕೊಡುವುದು ಸರ್ಕಾರವೇ. ಎಲ್ಲಕ್ಕಿಂತ ಮುಖ್ಯ, ಸಚಿವ ಸಂಪುಟ ಸಭೆಯ ಮರುದಿನದ ಪತ್ರಿಕೆ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ವಿಧೇಯಕಕ್ಕೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಗಳಿಂದ ಆಕ್ಷೇಪ ಎದ್ದು, ಎರಡೇ ದಿನದಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಆ ವಿಧೇಯಕ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಾನು ಕಲಿತದ್ದು ಸಂಪುಟ ಒಪ್ಪಿದ ವಿಧೇಯಕವನ್ನೂ ನಿಲ್ಲಿಸಬಹುದು ಎಂಬುದನ್ನು. ಉದ್ಯಮಿಗಳು ಎರಡು ದಿನದಲ್ಲಿ ಮಾಡಿಸಿದ್ದನ್ನು ನಾವು ಎರಡು ತಿಂಗಳಲ್ಲಾದರೂ ಮಾಡಿಸಲಾರೆವೇ?

ವಿಧೇಯಕವನ್ನು ಹುಡುಕುವುದು

ಪ್ರತಿ ವಿಧೇಯಕಕ್ಕೂ ಹೆಸರು, ವರ್ಷ, ಸಂಖ್ಯೆ ಇರುತ್ತದೆ. ಈ ಮೂರನ್ನೂ ಬರೆದಿಟ್ಟುಕೊಳ್ಳಿ. ‘ಭೂಕಂದಾಯ ತಿದ್ದುಪಡಿ’ ಎಂದಷ್ಟೇ ಹೇಳಿದರೆ ಸಾಲದು, ಒಂದೇ ವರ್ಷದಲ್ಲಿ ಎರಡನೇ ತಿದ್ದುಪಡಿ, ಮೂರನೇ ತಿದ್ದುಪಡಿ ಎಂದು ಬರುವುದುಂಟು.

ಪ್ರತಿ ಸಿಗುವ ಜಾಗ ಮೂರು. ಕರ್ನಾಟಕ ವಿಧಾನಮಂಡಲದ ಜಾಲತಾಣದಲ್ಲಿ ವಿಧೇಯಕಗಳು, ದಿನದ ಕಾರ್ಯಕಲಾಪಗಳ ಪಟ್ಟಿ, ಲಘು ಪ್ರಕಟಣೆ, ಪ್ರಶ್ನೋತ್ತರ, ನಡವಳಿಗಳು ಇರುತ್ತವೆ. ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಅಧಿನಿಯಮಗಳೂ ಅಧ್ಯಾದೇಶಗಳೂ, ಅಂದರೆ ಸುಗ್ರೀವಾಜ್ಞೆಗಳೂ ಇವೆ. ಮೂರನೆಯದು ಇ-ರಾಜ್ಯಪತ್ರ, ಸರ್ಕಾರದ ಗೆಜೆಟ್. ತಾಣದಲ್ಲಿ ಪ್ರತಿ ಬರುವುದು ತಡವಾದರೆ ಶಾಸಕರ ಆಪ್ತ ಸಹಾಯಕರನ್ನು ಕೇಳಿ. ಸದನದಲ್ಲಿ ಸದಸ್ಯರಿಗೆ ಹಂಚಿದ ಪ್ರತಿ ಅವರ ಚೀಲದಲ್ಲಿರುತ್ತದೆ, ಬಹಳ ಸಲ ಬಿಚ್ಚದೆಯೇ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ವಿಧೇಯಕದ ಮುಖ್ಯಾಂಶ’ಗಳನ್ನು ನಂಬಿ ಒಂದು ಹೆಜ್ಜೆಯನ್ನೂ ಇಡಬೇಡಿ.

ಕನ್ನಡ, ಇಂಗ್ಲಿಷ್ ಎರಡೂ ಪಾಠಗಳನ್ನು ಇಳಿಸಿಕೊಳ್ಳಿ. ಕನ್ನಡದಲ್ಲೇ ಓದಿ. ಅನುಮಾನ ಬಂದ ಸಾಲನ್ನು ಇಂಗ್ಲಿಷ್‌ನಲ್ಲಿ ತಾಳೆ ನೋಡಿ, ಏಕೆಂದರೆ ಸಂವಿಧಾನದ 348ನೇ ವಿಧಿ ಇಂಗ್ಲಿಷ್ ಪಾಠಕ್ಕೆ ಅಧಿಕೃತ ಸ್ಥಾನ ಕೊಟ್ಟಿದೆ. 1967ರಲ್ಲಿ ಲೋಕಸಭೆಯೊಳಗೆ ಮೊದಲು ಕನ್ನಡದಲ್ಲಿ ಮಾತನಾಡಿದ ಜೆ.ಎಚ್. ಪಟೇಲರನ್ನು ಆರಿಸಿ ಕಳಿಸಿದ ಶಿವಮೊಗ್ಗ ಜಿಲ್ಲೆಯವರು ನಾವು. ಬರೆಯಲು ಬೇಸರವಾಗುತ್ತದೆ, ಆದರೂ ವಿಷಯ ಹಾಗಿದೆ.

ಓದುವುದು: ಹಿಂದಿನಿಂದ ಮುಂದಕ್ಕೆ

ವಿಧೇಯಕವನ್ನು ಮೊದಲ ಪುಟದಿಂದ ಓದಲು ಹೊರಟವರು ಎರಡನೇ ಪುಟದಲ್ಲಿ ನಿದ್ದೆ ಹೋಗುತ್ತಾರೆ. ಹಿಂದಿನಿಂದ ಬನ್ನಿ. ಕೊನೆಯಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಸರ್ಕಾರ ಇದನ್ನು ಏಕೆ ತರುತ್ತಿದೆ ಎಂದು ಅರ್ಧ ಪುಟದಲ್ಲಿ ಹೇಳಿರುತ್ತಾರೆ. ಅದರ ಜೊತೆಗೇ ‘ಆರ್ಥಿಕ ಜ್ಞಾಪನ’ ಇರುತ್ತದೆ. ಇದರಿಂದ ಹೆಚ್ಚುವರಿ ವೆಚ್ಚವಿಲ್ಲ ಎಂದು ಅಲ್ಲಿ ಬರೆದು, ಒಳಗೆ ಹೊಸ ಪ್ರಾಧಿಕಾರವನ್ನೋ ನ್ಯಾಯಮಂಡಳಿಯನ್ನೋ ಸ್ಥಾಪಿಸಲು ಹೊರಟಿದ್ದರೆ ಒಳ್ಳೆಯ ಪ್ರಶ್ನೆಯೊಂದು ನಿಮ್ಮ ಕೈಗೆ ಸಿಕ್ಕಿತು ಎಂದೇ ಅರ್ಥ.

ಅಲ್ಲಿಂದ ‘ಪ್ರತ್ಯಾಯೋಜಿತ ಶಾಸನ ರಚನೆ’ಯ ಟಿಪ್ಪಣಿಗೆ ಬನ್ನಿ. ಹೆಸರು ನಾಲಿಗೆಗೆ ಸಿಗದಿದ್ದರೂ ಮಲೆನಾಡಿನವರು ಬಿಡಕೂಡದ ಭಾಗ ಇದೇ. ಯಾವ ಯಾವ ವಿಷಯಗಳನ್ನು ಕಾಯ್ದೆಯಲ್ಲಿ ಬರೆಯದೆ ಮುಂದೆ ನಿಯಮ ಮಾಡಿ ತೀರ್ಮಾನಿಸಲು ಬಿಟ್ಟಿದ್ದಾರೆ ಎಂಬ ಪಟ್ಟಿ ಇಲ್ಲಿ ಸಿಗುತ್ತದೆ. ನಾಳೆಯ ನಮೂನೆ ಹುಟ್ಟುವುದು ಇಲ್ಲೇ: ಅರ್ಜಿಯ ರೂಪ, ಶುಲ್ಕ, ಯಾವ ದಾಖಲೆ ಲಗತ್ತಿಸಬೇಕು, ಯಾರ ಮುಂದೆ ಕೊಡಬೇಕು, ಎಷ್ಟು ದಿನದೊಳಗೆ.

ಇದಾದ ಮೇಲೆ ಖಂಡಗಳಿಗೆ, ಅಂದರೆ ವಿಧೇಯಕದ ಕಲಮುಗಳಿಗೆ ಬನ್ನಿ. ತಿದ್ದುಪಡಿ ವಿಧೇಯಕ ಒಗಟಿನಂತಿರುತ್ತದೆ: ‘ಇಂತಿಂಥ ಪ್ರಕರಣದಲ್ಲಿ ಇಂತಿಂಥ ಪದಗಳ ಬದಲಿಗೆ ಇಂತಿಂಥ ಪದಗಳನ್ನು ಪ್ರತಿಯೋಜಿಸತಕ್ಕದ್ದು.’ ಮೂಲ ಕಾಯ್ದೆಯನ್ನು ಪಕ್ಕದಲ್ಲಿ ತೆರೆದಿಟ್ಟು, ಹಳೆಯ ಪದಗಳನ್ನು ಪೆನ್ಸಿಲ್‌ನಲ್ಲಿ ಹೊಡೆದು, ಹೊಸದನ್ನು ಮೇಲೆ ಬರೆದು, ಇಡೀ ಪ್ರಕರಣವನ್ನು ಗಟ್ಟಿಯಾಗಿ ಓದಿ. ಈ ಕೆಲಸಕ್ಕೆ ಬೇರೆ ದಾರಿಯಿಲ್ಲ. ವಿಧೇಯಕದ ಹಿಂದೆ ಮೂಲ ಕಾಯ್ದೆಯ ಉದ್ಧೃತ ಭಾಗಗಳಿರುವ ಅನುಬಂಧ ಇದ್ದರೆ ಶ್ರಮ ಕಡಿಮೆಯಾಗುತ್ತದೆ.

ನಮಗೆ ಬೇಕಾದ ವಿಷಯ ನಮ್ಮ ಪದದಲ್ಲಿ ಅಲ್ಲಿ ಇರುವುದಿಲ್ಲ ಎಂಬುದು ಇನ್ನೊಂದು ತೊಡಕು. ಸೊಪ್ಪಿನಬೆಟ್ಟವನ್ನೇ ತೆಗೆದುಕೊಳ್ಳಿ. ತೋಟಕ್ಕೆ ಸೊಪ್ಪು, ದರಗು (ಒಣ ಎಲೆ) ತರುವ ಸೌಲಭ್ಯಕ್ಕೆ ಆಧಾರ 1964ರ ಭೂಕಂದಾಯ ಕಾಯ್ದೆಯ 79ನೇ ಪ್ರಕರಣದ ಎರಡನೇ ಉಪಪ್ರಕರಣ. ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಕೊಡಗಿನ ಬಾಣೆ, ನಮ್ಮ ಹಳೆ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನಬೆಟ್ಟ ಎಲ್ಲವೂ ಅಲ್ಲಿ ಒಟ್ಟಿಗೆ ಕೂತಿವೆ. ನಾಳೆ ಒಂದು ವಿಧೇಯಕ ‘79ನೇ ಪ್ರಕರಣದಲ್ಲಿ’ ಎಂದು ಆರಂಭವಾದರೆ ಸೊಪ್ಪಿನಬೆಟ್ಟ ಎಂಬ ಪದ ಅದರಲ್ಲಿ ಎಲ್ಲೂ ಇರದಿರಬಹುದು. ಹಾಗಾಗಿ ನಿಮ್ಮ ಊರಿಗೆ ತಾಗುವ ಪ್ರಕರಣಗಳ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ: 79, 94ಎ, 94ಸಿ, ಹೀಗೆ. ನಮ್ಮ ಸಂಘದ ಜಗಲಿಯಲ್ಲಿ ಅದು ಗೊಬ್ಬರದ ದರಪಟ್ಟಿಯ ಪಕ್ಕದಲ್ಲಿದೆ.

ಇನ್ನು ನಾಲ್ಕು ಪದಗಳ ಮೇಲೆ ಕಣ್ಣಿರಲಿ. ‘ತಕ್ಕದ್ದು’ ಎಂದಿದ್ದರೆ ಅಧಿಕಾರಿ ಮಾಡಲೇಬೇಕು. ‘ಬಹುದು’ ಎಂದಿದ್ದರೆ ಅವರ ಮರ್ಜಿ. ‘ನಿಯಮಿಸಬಹುದಾದಂಥ’ ಎಂದರೆ ಮುಂದೆ ನಿಯಮದಲ್ಲಿ ಹೇಳುತ್ತೇವೆ, ಈಗ ಕೇಳಬೇಡಿ ಎಂದು. ನಾಲ್ಕನೆಯದು ‘ಪರಂತು’. ಮೇಲಿನ ಸಾಲಿನಲ್ಲಿ ಧಾರಾಳವಾಗಿ ಕೊಟ್ಟದ್ದನ್ನು ಪರಂತು ಎಂಬ ಪದ ಸದ್ದಿಲ್ಲದೆ ವಾಪಸ್ ತೆಗೆದುಕೊಳ್ಳುತ್ತದೆ. ನಮ್ಮ ಬಳಗದ ಹಿರಿಯರೊಬ್ಬರು ಪರಂತು ಕಂಡ ಕೂಡಲೇ ಕನ್ನಡಕ ಒರೆಸಿಕೊಳ್ಳುತ್ತಾರೆ.

ಯಾರ ಬಳಿ ಹೋಗಬೇಕು

ಕ್ಷೇತ್ರದ ಶಾಸಕರ ಬಳಿ, ಸರಿ. ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಶಿವಮೊಗ್ಗ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ. ಹೊಸನಗರದವರಾದರೆ ನಿಮ್ಮ ಹೋಬಳಿ ಸಾಗರಕ್ಕೆ ಸೇರಿದೆಯೋ ತೀರ್ಥಹಳ್ಳಿಗೋ ಎಂದು ಮೊದಲು ನೋಡಿಕೊಳ್ಳಿ. ಆದರೆ ನಮ್ಮ ಜನ ಅಲ್ಲಿಗೇ ನಿಲ್ಲುತ್ತಾರೆ, ಮೇಲ್ಮನೆಯನ್ನು ಮರೆಯುತ್ತಾರೆ.

ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಅಂದರೆ ನಿಮ್ಮ ಗ್ರಾಮ ಪಂಚಾಯಿತಿಯ ಸದಸ್ಯೆಯೇ ಅಲ್ಲಿನ ಮತದಾರಳು. ಶಾಸಕರಿಗೆ ಎರಡು ಲಕ್ಷ ಮತದಾರರ ನಡುವೆ ನೀವು ಒಬ್ಬರು. ಪರಿಷತ್ ಸದಸ್ಯರಿಗೆ ಆ ಪಂಚಾಯಿತಿ ಸದಸ್ಯೆಯ ಮತ ಬಹಳ ದೊಡ್ಡದು. ಹತ್ತು ಪಂಚಾಯಿತಿಗಳ ಸದಸ್ಯರು ಒಂದೇ ಪತ್ರಕ್ಕೆ ಸಹಿ ಹಾಕಿದರೆ ಅದು ಬುಟ್ಟಿಗೆ ಹೋಗುವುದಿಲ್ಲ. ನೀವು ಪದವೀಧರರಾಗಿ ಹೆಸರು ನೋಂದಾಯಿಸಿದ್ದರೆ ನೈರುತ್ಯ ಪದವೀಧರರ ಕ್ಷೇತ್ರದ ಸದಸ್ಯರೂ ನಿಮ್ಮವರೇ, ಶಿಕ್ಷಕರಾದರೆ ನೈರುತ್ಯ ಶಿಕ್ಷಕರ ಕ್ಷೇತ್ರದವರೂ. ಶಿವಮೊಗ್ಗದ ಜೊತೆ ಚಿಕ್ಕಮಗಳೂರು, ಕೊಡಗು, ಕರಾವಳಿಯ ಎರಡು ಜಿಲ್ಲೆಗಳೂ ಆ ಕ್ಷೇತ್ರಗಳಲ್ಲಿವೆ. ಅಡಿಕೆ, ಕಾಡು, ಕಂದಾಯದ ವಿಷಯದಲ್ಲಿ ಅವರ ಸಂಕಟವೂ ನಮ್ಮದೇ ಆಗಿರುವುದರಿಂದ ದನಿಗೂಡಿಸಲು ಅನುಕೂಲ.

ಆಡಳಿತ ಪಕ್ಷದವರು ಸಚಿವರ ಕಿವಿಗೆ ಹಾಕಬಲ್ಲರು, ವಿರೋಧ ಪಕ್ಷದವರು ಸದನದಲ್ಲಿ ತಿದ್ದುಪಡಿ ಮಂಡಿಸಬಲ್ಲರು. ಇಬ್ಬರಿಗೂ ಒಂದೇ ಪತ್ರ ಕೊಡಿ, ಇಬ್ಬರಿಗೂ ಕೊಟ್ಟಿದ್ದೇವೆ ಎಂದು ಇಬ್ಬರಿಗೂ ಹೇಳಿ. ಮುಚ್ಚಿಟ್ಟರೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಮತ್ತೆ ಯಾರೂ ನಂಬುವುದಿಲ್ಲ.

ಗ್ರಾಮಸಭೆಯನ್ನು ಹಗುರವಾಗಿ ಕಾಣಬೇಡಿ. ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಅಲ್ಲಿ ನಿರ್ಣಯ ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ನಕಲು ಪಡೆಯಿರಿ. ಪತ್ರಕ್ಕೆ ಅದು ಲಗತ್ತಾದರೆ ಏಳೆಂಟು ಜನರ ಮಾತು ಊರಿನ ಮಾತಾಗುತ್ತದೆ.

ಪತ್ರ

ನಮ್ಮ ಮೊದಲ ಪತ್ರ ಎಂಟು ಪುಟವಿತ್ತು. ಮಲೆನಾಡಿನ ಇತಿಹಾಸ, ಮುಳುಗಡೆಯ ನೋವು, ಕವಿವಾಣಿ ಎಲ್ಲವೂ ಇದ್ದವು. ಕೊಟ್ಟ ಕಚೇರಿಯಲ್ಲಿ ಮೂರು ತಿಂಗಳ ನಂತರ ವಿಚಾರಿಸಿದಾಗ ಅದು ಒಂದು ಫ್ಯಾನಿನ ಕೆಳಗೆ ಪೇಪರ್‌ವೇಟ್‌ನ ಕೆಲಸ ಮಾಡುತ್ತಿತ್ತು. ಈಗ ಒಂದು ಪುಟ ಮೀರುವುದಿಲ್ಲ. ಒಂದು ವಿಧೇಯಕ, ಒಂದು ಖಂಡ, ಒಂದು ಬೇಡಿಕೆ. ಬದಲಾಗಬೇಕಾದ ಪದಗಳನ್ನು ನಾವೇ ಬರೆದುಕೊಡುತ್ತೇವೆ. ಕಲ್ಪಿಸಿಕೊಂಡ ಒಂದು ವಿಧೇಯಕವನ್ನಿಟ್ಟು ಮಾದರಿ ಕೊಡುತ್ತೇನೆ:

‘ಮಾನ್ಯರೇ, ಸದರಿ ತಿದ್ದುಪಡಿ ವಿಧೇಯಕದ 4ನೇ ಖಂಡದಲ್ಲಿ ಅರ್ಜಿ ಸಲ್ಲಿಸಲು “ತೊಂಬತ್ತು ದಿನಗಳು” ಎಂದಿದೆ. ಕಾಯ್ದೆ ಜೂನ್‌ನಲ್ಲಿ ಜಾರಿಗೆ ಬಂದರೆ ಈ ಅವಧಿ ಪೂರ್ತಿ ಮಳೆಗಾಲದಲ್ಲಿ ಕಳೆಯುತ್ತದೆ. ನಮ್ಮ ಪಂಚಾಯಿತಿಯ ಮೂರು ಹಳ್ಳಿಗಳಿಗೆ ಆಗ ಬಸ್ ಸಂಚಾರವಿರುವುದಿಲ್ಲ, ತಾಲ್ಲೂಕು ಕೇಂದ್ರ 40 ಕಿ.ಮೀ. ದೂರದಲ್ಲಿದೆ. ಆದ್ದರಿಂದ “ತೊಂಬತ್ತು ದಿನಗಳು” ಎಂಬ ಪದಗಳ ಬದಲಿಗೆ “ನೂರ ಎಂಬತ್ತು ದಿನಗಳು” ಎಂಬ ಪದಗಳನ್ನು ಪ್ರತಿಯೋಜಿಸಬೇಕೆಂದೂ, ಅರ್ಜಿಗಳನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೂ ಸ್ವೀಕರಿಸತಕ್ಕದ್ದು ಎಂಬ ವಾಕ್ಯವನ್ನು ಸೇರಿಸಬೇಕೆಂದೂ ತಿದ್ದುಪಡಿ ಸೂಚಿಸಲು ಕೋರುತ್ತೇವೆ. ಗ್ರಾಮಸಭೆಯ ನಿರ್ಣಯದ ನಕಲು ಲಗತ್ತಿಸಿದೆ.’

ಇಷ್ಟೇ ಸಾಕು. ಶಾಸಕರು ಇದನ್ನು ಹಾಗೆಯೇ ಎತ್ತಿ ಓದಬಹುದು. ಅವರ ಕೆಲಸ ಹಗುರಾದಷ್ಟೂ ನಿಮ್ಮದು ಆಗುವ ಸಂಭವ ಹೆಚ್ಚು. ಒಂದು ಪ್ರತಿ ಸಂಬಂಧಪಟ್ಟ ಸಚಿವರಿಗೆ, ಇನ್ನೊಂದು ಆ ಇಲಾಖೆಯ ಕಾರ್ಯದರ್ಶಿಗೆ ಸ್ಪೀಡ್ ಪೋಸ್ಟ್‌ನಲ್ಲಿ. ರಸೀದಿಯನ್ನು ಪುಸ್ತಕಕ್ಕೆ ಅಂಟಿಸಿ.

ಪತ್ರದಲ್ಲಿ ಹಾಕಲು ಅಂಕಿಅಂಶ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಮೀರಿದರೆ ಅದೇ ನೆಪವಾಗಿ ವಾಪಸ್ ಬರುತ್ತದೆ. ತಾಲ್ಲೂಕಿನಲ್ಲಿ ಎಷ್ಟು ನಮೂನೆ 57 ಬಾಕಿ ಇವೆ ಎಂಬಂಥ ಪ್ರಶ್ನೆಗೆ ಅದು ಧಾರಾಳ ಸಾಕು. ಸಂಪುಟದ ಮುಂದಿರುವ ಟಿಪ್ಪಣಿಯನ್ನು ಕೇಳಿದರೆ ತೀರ್ಮಾನ ಮುಗಿಯುವವರೆಗೆ ಕೊಡುವುದಿಲ್ಲ, ಆ ಪ್ರಯತ್ನ ಬೇಡ.

ಸದನ ನಡೆಯುವ ದಿನಗಳು

ಕಲಾಪ ಅಂತರ್ಜಾಲದಲ್ಲಿ ನೇರ ಪ್ರಸಾರವಾಗುತ್ತದೆ. ಇಡೀ ದಿನ ನೋಡುತ್ತಾ ಕೂತರೆ ಒಲೆಯ ಮೇಲಿಟ್ಟ ಅಡಿಕೆ ಹೊತ್ತಿಹೋಗುತ್ತದೆ. ಬೆಳಿಗ್ಗೆ ಕಾರ್ಯಕಲಾಪಗಳ ಪಟ್ಟಿ ತೆರೆದು ನಿಮ್ಮ ವಿಧೇಯಕ ಅದರಲ್ಲಿದೆಯೇ, ಇದ್ದರೆ ‘ಮಂಡನೆ’ಯೋ ‘ಪರ್ಯಾಲೋಚನೆ ಮತ್ತು ಅಂಗೀಕಾರ’ವೋ ನೋಡಿ. ಮಂಡನೆಯ ದಿನ ಸಾಮಾನ್ಯವಾಗಿ ಚರ್ಚೆಯಿರುವುದಿಲ್ಲ. ಆ ದಿನಕ್ಕೂ ಪರ್ಯಾಲೋಚನೆಯ ದಿನಕ್ಕೂ ನಡುವೆ ಸಿಗುವ ಬಿಡುವಿನಲ್ಲಿ, ಅದು ಒಂದೇ ರಾತ್ರಿಯಾದರೂ ಸರಿ, ಶಾಸಕರಿಗೆ ಫೋನ್ ಮಾಡಿ ಪತ್ರವನ್ನು ನೆನಪಿಸಬೇಕು.

ವಿಧೇಯಕವಾಗದ ಸಂಗತಿಗಳಿಗೆ ಬೇರೆ ದಾರಿಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ನಮ್ಮ ಅನುಭವದಲ್ಲಿ ಚುಕ್ಕೆ ಇಲ್ಲದ್ದೇ ಉಪಯುಕ್ತ: ಭಾಷಣವಿಲ್ಲ, ಅಂಕಿಅಂಶವಿದೆ, ಕಾಗದದ ಮೇಲಿದೆ. ಪ್ರಶ್ನೆಗಳ ಸೂಚನೆಯನ್ನು ಬಹಳ ಮೊದಲೇ ಕೊಡಬೇಕಾದ್ದರಿಂದ ಅಧಿವೇಶನದ ದಿನಾಂಕ ಗೊತ್ತಾದ ವಾರದಲ್ಲೇ ಬರೆದುಕೊಡಿ. ತುರ್ತಿನದಕ್ಕೆ ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ. ಸಚಿವರು ‘ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇವೆ’ ಎಂದರೆ ದಿನಾಂಕ ಸಹಿತ ಬರೆದುಕೊಳ್ಳಿ. ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದು ಇದೆ, ಅದರ ಕೆಲಸವೇ ಕೊಟ್ಟ ಮಾತನ್ನು ಬೆನ್ನಟ್ಟುವುದು. ಶಾಸಕರ ಮೂಲಕ ಅರ್ಜಿಗಳ ಸಮಿತಿಗೂ ಹೋಗಬಹುದು. ನಿಧಾನ, ಆದರೆ ಕಡತ ಹುಟ್ಟುತ್ತದೆ.

ಪ್ರತಿಭಟನೆಗೆ ಹೋಗುವುದಾದರೆ ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್ ಬಿಟ್ಟು ಬೇರೆಡೆ ಅವಕಾಶವಿಲ್ಲ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧದ ಹತ್ತಿರ ಬಸ್ತವಾಡ, ಕೊಂಡಸಕೊಪ್ಪದ ಕಡೆ ಪೆಂಡಾಲ್‌ಗಳಿರುತ್ತವೆ. ಸಚಿವರು ಸಂಜೆ ಅಲ್ಲಿಗೇ ಬಂದು ಮನವಿ ತೆಗೆದುಕೊಳ್ಳುವುದುಂಟು. ಆ ಎರಡು ನಿಮಿಷಕ್ಕೆ ಒಂದು ಪುಟದ ಪತ್ರ ಜೇಬಿನಲ್ಲಿರಲಿ.

ಒಂದು ಮನೆ ದಾಟಿದ ಮೇಲೆ

ವಿಧಾನಸಭೆ ಅಂಗೀಕರಿಸಿದ ಮಾತ್ರಕ್ಕೆ ಕೈಚೆಲ್ಲಬೇಡಿ. ನಮ್ಮ ಅಡಿಕೆ ಮಂಡಿಗೆ ನೇರವಾಗಿ ತಟ್ಟಿದ ಎಪಿಎಂಸಿ ಕಾಯ್ದೆಯ ಕತೆ ನೋಡಿ. 2020ರಲ್ಲಿ ಸುಗ್ರೀವಾಜ್ಞೆಯ ಮೂಲಕ ಮಾರುಕಟ್ಟೆ ಪ್ರಾಂಗಣದ ಹೊರಗಿನ ವಹಿವಾಟನ್ನು ಸಡಿಲಿಸಿದರು. ಸರ್ಕಾರ ಬದಲಾದ ಮೇಲೆ, 2023ರ ಜುಲೈನಲ್ಲಿ, ಅದನ್ನು ಹಿಂತೆಗೆಯುವ ವಿಧೇಯಕವನ್ನು ವಿಧಾನಸಭೆ ಒಪ್ಪಿತು. ವಿರೋಧ ಪಕ್ಷದವರ ಬಲ ಹೆಚ್ಚಿದ್ದ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಕಳಿಸಿತು. ನೀವು ಯಾವ ಪಕ್ಷದಲ್ಲಿದ್ದರೂ, ಸಮಿತಿಗೆ ಹೋದ ವಿಧೇಯಕ ಎಂದರೆ ಲಿಖಿತ ಅಭಿಪ್ರಾಯ ಕಳಿಸಲು ಸಿಕ್ಕ ಸಮಯ. ಆಗ ಬರೆದದ್ದನ್ನು ಓದುವವರಿರುತ್ತಾರೆ.

ಪರಿಷತ್ತಿನ ತಡೆಗೆ ಮಿತಿಯಿದೆ. ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಒಂದು ತಿಂಗಳು. ಅನಂತರ ಎರಡೂ ಮನೆ ಒಪ್ಪಿದಂತೆಯೇ ಲೆಕ್ಕ. ಧನ ವಿಧೇಯಕವಾದರೆ (ಮನಿ ಬಿಲ್) 14 ದಿನ ಮಾತ್ರ. ಸುಗ್ರೀವಾಜ್ಞೆಯ ಆಯಸ್ಸು ಸದನ ಮತ್ತೆ ಸೇರಿದಂದಿನಿಂದ ಆರು ವಾರ.

ರಾಜ್ಯಪಾಲರ ಬಳಿಯೂ ಕತೆ ತಿರುಗಬಹುದು. ಕಿರುಸಾಲ ಸಂಸ್ಥೆಗಳ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು 2025ರ ಫೆಬ್ರವರಿಯಲ್ಲಿ ಅವರು ಮೊದಲು ಹಿಂದಿರುಗಿಸಿದರು, ಅದೇ ತಿಂಗಳು ಅಂಕಿತ ಹಾಕಿದರು, ಮಾರ್ಚ್‌ನಲ್ಲಿ ಅದು ವಿಧೇಯಕವಾಗಿ ಸದನಕ್ಕೆ ಬಂತು. ನಮ್ಮೂರಿನ ಸ್ವಸಹಾಯ ಸಂಘದ ಹೆಂಗಸರು ಇದನ್ನು ದಿನವೂ ಪತ್ರಿಕೆಯಲ್ಲಿ ನೋಡುತ್ತಿದ್ದರು. ವಸೂಲಿಗೆ ಬರುವವನು ಬಾಗಿಲಲ್ಲಿ ನಿಂತಿದ್ದಾಗ ಅಂಕಿತ ಎಂಬ ಪದಕ್ಕೆ ಬೇರೆಯದೇ ತೂಕ.

ಅಂಕಿತದ ನಂತರ: ನಮೂನೆ ಹುಟ್ಟುವ ತಿಂಗಳುಗಳು

ಕಾಯ್ದೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನ ಪತ್ರಿಕೆಗಳು ಮರೆಯುತ್ತವೆ. ನೀವು ಆಗ ಮೊದಲನೇ ಪ್ರಕರಣ ಓದಿ. ‘ಕೂಡಲೇ ಜಾರಿಗೆ ಬರತಕ್ಕದ್ದು’ ಎಂದಿದೆಯೋ, ‘ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಿಂದ’ ಎಂದಿದೆಯೋ? ಎರಡನೆಯದಾದರೆ ಕಾಯ್ದೆ ಹುಟ್ಟಿದೆ, ಕಣ್ಣು ಬಿಟ್ಟಿಲ್ಲ.

ಇದಾದ ಮೇಲೆ ಕರಡು ನಿಯಮಗಳು ರಾಜ್ಯಪತ್ರದಲ್ಲಿ ಬರುತ್ತವೆ. ಆಕ್ಷೇಪಣೆ, ಸಲಹೆಗಳಿಗೆ ಸಾಮಾನ್ಯವಾಗಿ 15 ಅಥವಾ 30 ದಿನ ಕೊಟ್ಟಿರುತ್ತಾರೆ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ದಿನಗಳನ್ನು ಇಟ್ಟುಕೊಳ್ಳಿ. ಸದನದಲ್ಲಿ ಪದ ಬದಲಿಸಲು ಬಹುಮತ ಬೇಕು; ಇಲ್ಲಿ ಒಂದು ಒಳ್ಳೆಯ ಪತ್ರ ಸಾಕಾಗಬಹುದು, ಏಕೆಂದರೆ ಬಂದ ಆಕ್ಷೇಪಣೆಯನ್ನು ಇಲಾಖೆ ಪರಿಗಣಿಸಬೇಕು, ಮತ್ತು ಸಾಮಾನ್ಯವಾಗಿ ಯಾರೂ ಬರೆದಿರುವುದಿಲ್ಲ. ಅರ್ಜಿಯ ನಮೂನೆ ಕರಡಿನ ಕೊನೆಯಲ್ಲಿ ಲಗತ್ತಾಗಿರುತ್ತದೆ. ಅದನ್ನು ಮುದ್ರಿಸಿ, ಮೂರು ಮನೆಗೆ ಹೋಗಿ ತುಂಬಿಸಿ ನೋಡಿ: ಓದಲು ಬಾರದ ಅಜ್ಜಿಯ ಮನೆ, ಪಾಲಾಗದೆ ಜಂಟಿ ಖಾತೆಯಿರುವ ಮನೆ, ಪಹಣಿಯಲ್ಲಿ ಹೆಸರು ತಪ್ಪಾಗಿರುವ ಮನೆ. ಎಲ್ಲಿ ಪೆನ್ನು ನಿಲ್ಲುತ್ತದೋ ಅದೇ ನಿಮ್ಮ ಆಕ್ಷೇಪಣೆ. ಇಲಾಖೆಗೆ ಕಳಿಸುವಾಗ ತುಂಬಿದ ನಮೂನೆಗಳನ್ನೇ, ಹೆಸರು ಮರೆಮಾಡಿ, ಜೊತೆಗಿಡಿ.

ಅಂತಿಮ ನಿಯಮ ಬಂದ ಮೇಲೆ ಕೊನೆಯ ದಿನಾಂಕವನ್ನು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ತಂಗುದಾಣದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಬಗರ್ ಹುಕುಂ ಅವಧಿಯನ್ನು ಹಿಂದೆ ವಿಸ್ತರಿಸಿದ್ದುಂಟು ಎಂದು ಯಾರಾದರೂ ಸಮಾಧಾನ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಜಿ ಕೊಟ್ಟ ಕ್ಷಣವೇ ಸ್ವೀಕೃತಿ ಕೇಳಿ, ಮೊಹರು ಮತ್ತು ದಿನಾಂಕ ಇದೆಯೇ ನೋಡಿ, ಫೋಟೊ ತೆಗೆದಿಡಿ. ಅಪ್ಪ ಕೊಟ್ಟ ನಮೂನೆ 50ರ ಸ್ವೀಕೃತಿ ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿದೆ. ಕಚೇರಿಯಲ್ಲಿ ಕಡತ ಸಿಗುತ್ತಿಲ್ಲ ಎಂದು ಹೋದ ವರ್ಷ ಹೇಳಿದಾಗ ಅದನ್ನು ಮೇಜಿನ ಮೇಲಿಟ್ಟೆ. ಗೆದ್ದಲು ಒಂದು ಮೂಲೆ ತಿಂದಿತ್ತು, ಮೊಹರು ಮಾತ್ರ ಉಳಿದಿತ್ತು. ಕಡತ ಮರುವಾರ ಸಿಕ್ಕಿತು.